ಹಳೆಯ ಪೋರ್ಷೆ 944: ಬೆಲೆಯೂ ವೆಚ್ಚವೂ

ಬಳಸಿದ ಜರ್ಮನ್ ಸ್ಪೋರ್ಟ್ಸ್ ಕೂಪೆಯನ್ನು ನಿತ್ಯದ ಓಡಾಟಕ್ಕೆ ಬಯಸಿದ ಯುರೋಪ್, ಅಮೆರಿಕದ ಗ್ರಾಹಕರಿಗೆ ಪೋರ್ಷೆ 944 ಬಹುಕಾಲ ಕೈಗೆಟುಕುವ ಆಯ್ಕೆಯಾಗಿತ್ತು. 1982ರಿಂದ 1991ರವರೆಗೆ ತಯಾರಾದ ಈ ಕಾರಿಗೆ ನಾಲ್ಕೇ ಸಿಲಿಂಡರಿನ ಎಂಜಿನ್; ಸತು ಲೇಪಿತ ಕವಚಕ್ಕೆ ಬೇಗ ತುಕ್ಕು ಹಿಡಿಯದು; ಹಿಂಬಾಗಿಲು ತೆರೆದರೆ ಸರಕಿಗೂ ಸ್ಥಳವುಂಟು. ಆದರೆ ಖರೀದಿ ಬೆಲೆಯನ್ನಷ್ಟೇ ಎಣಿಸುವುದು ತಪ್ಪು ಲೆಕ್ಕ. ಟೈಮಿಂಗ್ ಬೆಲ್ಟ್ ತುಂಡಾದರೆ ಪಿಸ್ಟನ್‌ಗಳು ಬಡಿದು ವಾಲ್ವ್‌ಗಳು ಬಾಗುತ್ತವೆ. ರಬ್ಬರಿನ ಪಟ್ಟಿಯೊಂದರ ಅಲಕ್ಷ್ಯದಿಂದ ಎಂಜಿನ್ ಬಿಚ್ಚಬೇಕಾಗುತ್ತದೆ. ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಬಳಿ ಇರುವುದರಿಂದ ಕ್ಲಚ್ ಬದಲಾವಣೆಗೂ ಅದನ್ನು ಕಳಚಬೇಕು; ಕೂಲಿಯೇ ಭಾರವಾಗುತ್ತದೆ. ಈ ಎರಡು ಕೆಲಸಗಳ ರಸೀದಿಯುಳ್ಳ ಕಾರಿಗೆ ತುಸು ಹೆಚ್ಚು ತೆತ್ತರೂ ಅದೇ ಮಿತವ್ಯಯ. ರಸೀದಿ ಇಲ್ಲವೆಂದರೆ, ಮಾರುವವರು ಏನೇ ಹೇಳಲಿ, ಬೆಲ್ಟ್ ಬದಲಾಗಿಲ್ಲವೆಂದೇ ತಿಳಿದು ಆ ಖರ್ಚನ್ನು ಕಳೆದು ಬೆಲೆ ಮಾತನಾಡಬೇಕು.