ಅಮೆರಿಕದ ಫಾರ್ಮ್‌ನಲ್ಲಿ ತರಬೇತಿ: ಏಜೆಂಟನಿಗೆ ದುಡ್ಡು ಕೊಡೋ ಮುಂಚೆ ಇಷ್ಟು ತಿಳ್ಕೊಳ್ಳಿ

‘ಅಮೆರಿಕದ ಫಾರ್ಮ್‌ನಲ್ಲಿ ಕೆಲಸ, ವೀಸಾ ಗ್ಯಾರಂಟಿ’ ಅನ್ನೋ ವಾಟ್ಸಾಪ್ ಮೆಸೇಜು ನಿಮ್ಮ ಗ್ರೂಪಿಗೂ ಬಂದಿರಬಹುದು. ‘ಹೋಗ್ಬಹುದಾ ಅಣ್ಣ?’ ಅಂತ ಕೇಳೋರಿಗೆ ನನ್ನ ಉತ್ತರ: ಹೋಗಬಹುದು, ಸರಿಯಾದ ದಾರಿ ಇದೆ. ಅದು ಜೆ-1 ವೀಸಾ. ಆದರೆ ಇದು ಕಲಿಯೋಕೆ ಕೊಡೋ ವೀಸಾ, ಕೂಲಿಗಲ್ಲ. ಹಂಗಾಮಿನ ಕೂಲಿಗೆ ಎಚ್-2ಎ ಅಂತ ಬೇರೆ ವೀಸಾನೇ ಇದೆ.

ಯಾರಿಗೆ ಸಿಗುತ್ತೆ?

ಇನ್ನೂ ಓದ್ತಿರೋರು, ಅಥವಾ ಪದವಿ ಮುಗಿಸಿ 12 ತಿಂಗಳು ದಾಟದವರು ‘ಇಂಟರ್ನ್’ ಆಗಿ 12 ತಿಂಗಳವರೆಗೆ ಹೋಗಬಹುದು. ಪದವಿ ಜೊತೆ ಅದೇ ಕ್ಷೇತ್ರದಲ್ಲಿ 1 ವರ್ಷದ ಅನುಭವ ಇದ್ದರೆ ‘ಟ್ರೇನಿ’. ಪದವಿ ಇಲ್ಲದವರಿಗೆ 5 ವರ್ಷದ ಅನುಭವ ಬೇಕು. ಕೃಷಿಯಲ್ಲಿ ಟ್ರೇನಿ ಅವಧಿ ಸಾಮಾನ್ಯವಾಗಿ 12 ತಿಂಗಳು. ಇಂಗ್ಲಿಷಿನಲ್ಲಿ ವ್ಯವಹರಿಸೋಕೆ ಬರಲೇಬೇಕು. ಸ್ವಂತ ತೋಟದ ಅನುಭವ ತೋರಿಸೋದಾದರೆ ಪಹಣಿ, ಮಾರಾಟದ ಬಿಲ್ಲು, ತರಬೇತಿ ಪಡೆದ ಪ್ರಮಾಣಪತ್ರ ಈಗಲೇ ಜೋಡಿಸಿಡಿ. ಅದನ್ನು ಒಪ್ಪೋದು ಬಿಡೋದು ಸ್ಪಾನ್ಸರ್ ಕೈಲಿರುತ್ತೆ.

ಕ್ರಮ ಹೀಗಿದೆ

1. ಮೊದಲು ಸ್ಪಾನ್ಸರ್ ಸಂಸ್ಥೆ. ಇದಕ್ಕೆ ಅಮೆರಿಕದ ವಿದೇಶಾಂಗ ಇಲಾಖೆಯ ಮಾನ್ಯತೆ ಇರಬೇಕು. ಇಲಾಖೆಯ ಜೆ-1 ವೆಬ್‌ಸೈಟಿನಲ್ಲಿ ಪಟ್ಟಿ ಇದೆ, ಮೊಬೈಲಲ್ಲೇ ನೋಡಬಹುದು.
2. ಡಿಎಸ್-7002: ಏನು ಕಲಿಸ್ತಾರೆ, ಯಾರು ಕಲಿಸ್ತಾರೆ ಅನ್ನೋ ತರಬೇತಿ ಯೋಜನೆ. ನೀವು, ಫಾರ್ಮ್‌ನವರು, ಸ್ಪಾನ್ಸರ್ ಮೂವರೂ ಸಹಿ ಹಾಕಬೇಕು.
3. ಆಮೇಲೆ ಸ್ಪಾನ್ಸರ್ ಡಿಎಸ್-2019 ಕೊಡುತ್ತೆ. ಇದಿಲ್ಲದೆ ಜೆ-1 ವೀಸಾ ಇಲ್ಲ.
4. ಸೆವಿಸ್ ಶುಲ್ಕ 220 ಡಾಲರ್ ಕಟ್ಟಿ, ಡಿಎಸ್-160 ಅರ್ಜಿ ತುಂಬಿ, ವೀಸಾ ಶುಲ್ಕ ಕಟ್ಟಿ. ಶುಲ್ಕ ಬದಲಾಗ್ತಿರುತ್ತೆ, ಕಟ್ಟೋ ದಿನ ಅಧಿಕೃತ ಸೈಟಿನಲ್ಲೇ ನೋಡಿ.
5. ಕೊನೆಗೆ ಸಂದರ್ಶನ. ನಮ್ಮ ಕಡೆಯವರಿಗೆ ಚೆನ್ನೈ, ಹೈದರಾಬಾದ್ ಹತ್ತಿರ. ವೀಸಾ ಕೊಡೋದು, ಬಿಡೋದು ಅಲ್ಲಿನ ಅಧಿಕಾರಿಯ ತೀರ್ಮಾನ. ‘ಗ್ಯಾರಂಟಿ’ ಅಂದವನು ಸುಳ್ಳು ಹೇಳ್ತಿದ್ದಾನೆ ಅಂತಲೇ ತಿಳ್ಕೊಳ್ಳಿ.

ಸಹಿ ಹಾಕೋ ಮುಂಚೆ

ಡಿಎಸ್-7002 ಅನ್ನು ಸಾಲು ಸಾಲಾಗಿ ಓದಿ. ನರ್ಸರಿ, ಹನಿ ನೀರಾವರಿ, ಕೀಟ ನಿರ್ವಹಣೆ, ಕೊಯ್ಲಿನ ನಂತರದ ಸಂಸ್ಕರಣೆ ಹೀಗೆ ಹಂತಗಳಿವೆಯಾ? ಇಡೀ ವರ್ಷ ಬರೀ ಹಣ್ಣು ಕೀಳೋದೇ ಆದರೆ ಅದು ತರಬೇತಿ ಅಲ್ಲ. ಕೌಶಲ ಬೇಡದ ಕೂಲಿ ಕೆಲಸಕ್ಕೆ ಟ್ರೇನಿಗಳನ್ನು ಹಚ್ಚೋ ಹಾಗಿಲ್ಲ ಅಂತ ನಿಯಮವೇ ಇದೆ. ವಾರಕ್ಕೆ ಎಷ್ಟು ಗಂಟೆ, ಸ್ಟೈಪೆಂಡ್ ಎಷ್ಟು, ಅದರಲ್ಲಿ ಮನೆ ಬಾಡಿಗೆಗೆ ಎಷ್ಟು ಹಿಡೀತಾರೆ ಅಂತ ಬರಹದಲ್ಲೇ ಕೇಳಿ. ಆರೋಗ್ಯ ವಿಮೆ ಕಡ್ಡಾಯ, ಅದನ್ನು ಯಾರು ಕಟ್ತಾರೆ ಅಂತಲೂ ಕೇಳಿ.

ಸಂದರ್ಶನದಲ್ಲಿ ವಾಪಸ್ ಬಂದು ಏನು ಮಾಡ್ತೀರಿ ಅಂತ ಕೇಳಿದರೆ ಬಾಯಿಪಾಠದ ಉತ್ತರ ಬೇಡ. ನಿಮ್ಮ ಜಮೀನಿನಲ್ಲಿ ಏನು ಬೆಳೀತೀರಿ, ಕಲಿತದ್ದನ್ನು ಎಲ್ಲಿ ಬಳಸ್ತೀರಿ ಅಂತ ನೇರವಾಗಿ ಹೇಳಿ.

ಏಜೆಂಟ್ ಫೋನ್ ಮಾಡಿದರೆ ಒಂದೇ ಪ್ರಶ್ನೆ ಸಾಕು: ‘ಸ್ಪಾನ್ಸರ್ ಹೆಸರೇನು?’ ಆ ಹೆಸರು ಪಟ್ಟಿಯಲ್ಲಿದ್ದರೆ ಸಂಸ್ಥೆಗೇ ನೇರ ಇಮೇಲ್ ಮಾಡಿ ಖಚಿತ ಮಾಡ್ಕೊಳ್ಳಿ. ಹೆಸರೇ ಹೇಳದಿದ್ದರೆ ಒಂದು ರೂಪಾಯಿನೂ ಕೊಡ್ಬೇಡಿ. ಜಮೀನು ಅಡ ಇಟ್ಟಂತೂ ಹೋಗಲೇಬೇಡಿ.