ಬಂದೂಕಿನ ವಿಡಿಯೋ ಗೇಮ್ ಆಡಿದರೆ ವಿಜ್ಞಾನಕ್ಕೆ ಸಹಾಯವಾಗುತ್ತದೆಯೇ? ‘ಬಾರ್ಡರ್‌ಲ್ಯಾಂಡ್ಸ್’ ಕತೆಯಲ್ಲಿ ನಿಜವೆಷ್ಟು?

ಗುಂಡು ಹಾರಿಸುವ ವಿಡಿಯೋ ಗೇಮ್‌ಗಳ ಬಗ್ಗೆ ನಮ್ಮ ಫೋನುಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತವೆ. ಒಂದು ಫ್ಯಾಮಿಲಿ ಗ್ರೂಪಿನದು: ಇಂಥ ಗೇಮ್ ಆಡಿದ ಮಕ್ಕಳು ನಾಳೆ ನಿಜವಾದ ಬಂದೂಕನ್ನೇ ಹಿಡಿಯುತ್ತಾರೆ. ಇನ್ನೊಂದು ಹುಡುಗರ ಗ್ರೂಪಿನದು: ವಿಜ್ಞಾನಿಗಳ ಕೈಯಲ್ಲಿ ಆಗದ ಕೆಲಸವನ್ನು ಗೇಮ್ ಆಡುವವರು ಮಾಡಿ ಮುಗಿಸಿದ್ದಾರೆ, ಆದ್ದರಿಂದ ನಮ್ಮನ್ನು ಆಡಲು ಬಿಡಿ.

ಎರಡನೆಯ ಮಾತಿನ ಹಿಂದೆ ನಿಜವಾಗಿ ನಡೆದ ಒಂದು ಸಂಗತಿ ಇದೆ. ಆದರೆ ಫಾರ್ವರ್ಡ್ ಆಗುತ್ತಾ ಆಗುತ್ತಾ ಇಂಥ ಸಂಗತಿಗಳಿಗೆ ರೆಕ್ಕೆಪುಕ್ಕ ಹುಟ್ಟಿಕೊಳ್ಳುತ್ತವೆ. ಹಾಗಾಗಿ ನಡೆದದ್ದೇನು, ನಡೆಯದೇ ಇದ್ದದ್ದೇನು ಎಂದು ಬಿಡಿಸಿ ನೋಡೋಣ.

ಏನಿದು ಬಾರ್ಡರ್‌ಲ್ಯಾಂಡ್ಸ್?

ಅಮೆರಿಕದ ಟೆಕ್ಸಾಸ್‌ನ ಗೇರ್‌ಬಾಕ್ಸ್ ಎಂಬ ಕಂಪನಿ 2009ರಲ್ಲಿ ಈ ಸರಣಿಯ ಮೊದಲ ಗೇಮ್ ತಂದಿತು. ಕತೆ ನಡೆಯುವುದು ‘ಪಂಡೋರಾ’ ಎಂಬ ಕಾಲ್ಪನಿಕ ಗ್ರಹದಲ್ಲಿ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ಯನ್ನು ನೆನೆಸಿಕೊಳ್ಳಿ. ಒಣಭೂಮಿ, ಡಕಾಯಿತರು, ಕಾನೂನು ತಲುಪದ ಊರು. ಅದನ್ನೇ ಎತ್ತಿ ಬೇರೆ ಗ್ರಹದಲ್ಲಿಟ್ಟು, ರೋಬೋಟುಗಳನ್ನು ಸೇರಿಸಿ, ಹೆಜ್ಜೆಹೆಜ್ಜೆಗೂ ಜೋಕು ಬೆರೆಸಿದರೆ ಹೇಗಿರುತ್ತದೆಯೋ ಹೆಚ್ಚುಕಡಿಮೆ ಹಾಗಿದೆ ಈ ಗೇಮ್. ಇದರಲ್ಲಿ ಬರುವ ‘ಕ್ಲ್ಯಾಪ್‌ಟ್ರ್ಯಾಪ್’ ಎಂಬ ವಟವಟ ರೋಬೋಟ್ ಆಟಗಾರರಿಗೆಲ್ಲ ಪರಿಚಿತ. ಆಟಗಾರರ ಕೆಲಸ ಶತ್ರುಗಳನ್ನು ಹೊಡೆದುರುಳಿಸುವುದು, ಅವರು ಬಿಟ್ಟುಹೋದ ಬಂದೂಕುಗಳನ್ನು ಬಾಚಿಕೊಳ್ಳುವುದು, ಅಡಗಿರುವ ನಿಧಿ ಹುಡುಕುವುದು.

‘ಬಾರ್ಡರ್‌ಲ್ಯಾಂಡ್ಸ್ 3’ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಮರುವರ್ಷ ಏಪ್ರಿಲ್ 7ರಂದು ಅದರೊಳಗೆ ಒಂದು ಹೊಸ ಸಣ್ಣ ಆಟ ಸೇರಿಕೊಂಡಿತು. ಹೆಸರು ‘ಬಾರ್ಡರ್‌ಲ್ಯಾಂಡ್ಸ್ ಸೈನ್ಸ್’.

ಗುಂಡಿನ ಆಟದೊಳಗೆ ಒಗಟು ಬಂದದ್ದು ಹೇಗೆ?

ಗೇಮಿನ ಆಕಾಶನೌಕೆಯಲ್ಲಿ ಡಾಕ್ಟರ್ ಟ್ಯಾನಿಸ್ ಎಂಬ ವಿಜ್ಞಾನಿ ಪಾತ್ರವಿದೆ. ಆಕೆಯ ಕೋಣೆಯಲ್ಲಿ ಹಳೆಯ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ಇರುತ್ತಿದ್ದಂಥ ಒಂದು ಯಂತ್ರ ಇಟ್ಟರು. ಅದರ ಮುಂದೆ ನಿಂತರೆ ನಾಲ್ಕು ಬಗೆಯ ಬಣ್ಣದ ಬಿಲ್ಲೆಗಳು ಕಂಬಕಂಬವಾಗಿ ಕಾಣುತ್ತವೆ. ಯಾವ ಸಾಲಿನಲ್ಲಿ ಯಾವ ಬಿಲ್ಲೆ ಬರಬೇಕೆಂಬ ಸೂಚನೆ ಪಕ್ಕದಲ್ಲಿರುತ್ತದೆ. ಆಟಗಾರರು ಕಂಬದ ನಡುವೆ ಅಲ್ಲಲ್ಲಿ ಖಾಲಿ ಜಾಗ ಸೇರಿಸಿ ಬಿಲ್ಲೆಗಳನ್ನು ಮೇಲಕ್ಕೆ ತಳ್ಳಿ, ಸರಿಯಾದ ಸಾಲಿಗೆ ತರಬೇಕು. ಸೇರಿಸಬಹುದಾದ ಖಾಲಿ ಜಾಗಗಳಿಗೆ ಮಿತಿ ಇದೆ. ಗೆದ್ದರೆ ಗೇಮಿನೊಳಗೆ ಬಳಸಬಹುದಾದ ಬಹುಮಾನ.

ಇದನ್ನು ರೂಪಿಸಿದವರಲ್ಲಿ ಗೇರ್‌ಬಾಕ್ಸ್ ಜೊತೆಗೆ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯ, ಗೇಮ್‌ಗಳ ಒಳಗೆ ವಿಜ್ಞಾನದ ಕೆಲಸ ಸೇರಿಸುವ ಎಂಎಂಒಎಸ್ ಎಂಬ ಸಂಸ್ಥೆ ಮತ್ತು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕ್ರೋಸೆಟ್ಟಾ ಯೋಜನೆ ಇದ್ದವು.

ಬಿಲ್ಲೆಗಳ ಹಿಂದೆ ಏನಿತ್ತು?

ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂಬುದು ವಿಜ್ಞಾನಿಗಳ ಅಂದಾಜು. ಹೆಚ್ಚಿನವು ಇರುವುದು ಕರುಳಿನಲ್ಲಿ. ಇವುಗಳಲ್ಲಿ ಯಾವುದು ಯಾವುದರ ಹತ್ತಿರದ ಸಂಬಂಧಿ ಎಂದು ತಿಳಿಯಲು ‘16ಎಸ್’ ಎಂಬ ಜೀನ್ ನೋಡುತ್ತಾರೆ. ಇದು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ, ಆದರೆ ಒಂದೊಂದರಲ್ಲಿ ಸ್ವಲ್ಪ ಬೇರೆ ಇರುತ್ತದೆ. ಡಿಎನ್‌ಎ ಭಾಷೆಯಲ್ಲಿರುವುದು ನಾಲ್ಕೇ ಅಕ್ಷರ. ಆಟದಲ್ಲಿನ ನಾಲ್ಕು ಬಗೆಯ ಬಿಲ್ಲೆಗಳು ಆ ನಾಲ್ಕು ಅಕ್ಷರಗಳೇ.

ಎರಡು ಜೀನ್‌ಗಳನ್ನು ಹೋಲಿಸುವುದು ಹೇಗೆಂದು ನಮ್ಮ ಸರಿಗಮದಿಂದಲೇ ತಿಳಿಯಬಹುದು.

ಸ ರಿ ಗ ಮ ಪ ದ ನಿ
ಸ ಗ ಮ ಪ ದ ನಿ

ಎರಡನೇ ಸಾಲಿನಲ್ಲಿ ‘ರಿ’ ಒಂದೇ ಬಿಟ್ಟುಹೋಗಿದೆ. ಆದರೆ ಒಂದರ ಕೆಳಗೊಂದು ಇಟ್ಟು ಅಕ್ಷರ ಎಣಿಸುತ್ತಾ ಹೋದರೆ ಮೊದಲ ‘ಸ’ ಬಿಟ್ಟು ಉಳಿದ ಯಾವುದೂ ಹೊಂದುವುದಿಲ್ಲ. ಎರಡಕ್ಕೂ ಸಂಬಂಧವೇ ಇಲ್ಲವೇನೋ ಅನಿಸುತ್ತದೆ. ಒಂದು ಖಾಲಿ ಜಾಗ ಸೇರಿಸಿ ನೋಡಿ:

ಸ ರಿ ಗ ಮ ಪ ದ ನಿ
ಸ – ಗ ಮ ಪ ದ ನಿ

ಈಗ ಎಲ್ಲವೂ ಹೊಂದಿತು. ವಿಕಾಸದ ಹಾದಿಯಲ್ಲಿ ಜೀನ್‌ಗಳಲ್ಲೂ ಹೀಗೆಯೇ ಅಕ್ಷರಗಳು ಬಿಟ್ಟುಹೋಗುತ್ತವೆ, ಹೊಸದಾಗಿ ಸೇರುತ್ತವೆ. ಖಾಲಿ ಜಾಗ ಎಲ್ಲಿಡಬೇಕು ಎಂಬುದರ ಮೇಲೆ ಯಾವ ಜೀವಿ ಯಾವುದರ ದಾಯಾದಿ ಎಂಬ ತೀರ್ಮಾನ ನಿಂತಿದೆ. ಬಾರ್ಡರ್‌ಲ್ಯಾಂಡ್ಸ್ ಆಟಗಾರರು ಮಾಡಿದ್ದು ಇದನ್ನೇ.

ಕಂಪ್ಯೂಟರ್ ಇರುವಾಗ ಮನುಷ್ಯರು ಯಾಕೆ?

ಎರಡು ಸಾಲು ಹೋಲಿಸುವುದು ಕಂಪ್ಯೂಟರಿಗೆ ಸುಲಭ. ಲಕ್ಷಾಂತರ ಸಾಲುಗಳನ್ನು ಒಟ್ಟಿಗೆ ಹೋಲಿಸಬೇಕಾದಾಗ ಖಾಲಿ ಜಾಗ ಇಡಬಹುದಾದ ಬಗೆಗಳು ಊಹೆಗೂ ನಿಲುಕದಷ್ಟು ಹೆಚ್ಚುತ್ತವೆ. ಎಲ್ಲವನ್ನೂ ಪರೀಕ್ಷಿಸಲು ಆಗುವುದಿಲ್ಲ. ಹಾಗಾಗಿ ಕಂಪ್ಯೂಟರ್ ಅಡ್ಡದಾರಿ ಹಿಡಿಯುತ್ತದೆ, ಅಲ್ಲಲ್ಲಿ ತಪ್ಪುತ್ತದೆ. ಬಣ್ಣ, ಆಕಾರಗಳಲ್ಲಿ ವಿನ್ಯಾಸ ಗುರುತಿಸುವುದು ಮನುಷ್ಯರ ಕಣ್ಣಿಗೆ ಅಭ್ಯಾಸವಾದ ಕೆಲಸ. ಅದಕ್ಕಾಗಿ ದೊಡ್ಡ ಸಮಸ್ಯೆಯನ್ನು ಚಿಕ್ಕ ಚಿಕ್ಕ ಒಗಟುಗಳಾಗಿ ಒಡೆದು ಹಂಚಿದರು. ಒಬ್ಬರ ಉತ್ತರವನ್ನೇ ನಂಬಿ ಕೂರಲಿಲ್ಲ, ಹಲವರ ಉತ್ತರಗಳನ್ನು ಒಟ್ಟುಗೂಡಿಸಿದರು.

ಫಲಿತಾಂಶ ಏನಾಯಿತು?

2024ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯಲ್ಲಿ ಸಂಶೋಧನಾ ಲೇಖನ ಬಂತು. ಅದರ ಪ್ರಕಾರ 40 ಲಕ್ಷಕ್ಕೂ ಹೆಚ್ಚು ಆಟಗಾರರು 13.5 ಕೋಟಿಗೂ ಹೆಚ್ಚು ಒಗಟು ಬಿಡಿಸಿದ್ದರು. ಹೋಲಿಸಿದ್ದು 10 ಲಕ್ಷ ಜೀನ್ ಸಾಲುಗಳನ್ನು. ಒಂದು ಒಗಟಿಗೆ ಒಂದೇ ನಿಮಿಷ ಎಂದುಕೊಂಡರೂ, ಒಬ್ಬರೇ ಹಗಲೂ ರಾತ್ರಿ ಕೂತು ಮಾಡಿದರೆ 250 ವರ್ಷ ದಾಟುತ್ತದೆ! ಆದರೆ ತಲೆಗೆ ಬಿದ್ದದ್ದು ಸರಾಸರಿ 34 ಒಗಟು ಮಾತ್ರ.

ಹೀಗೆ ಸಿಕ್ಕ ಜೋಡಣೆಯಿಂದ ಬ್ಯಾಕ್ಟೀರಿಯಾಗಳ ವಂಶವೃಕ್ಷ ಮೊದಲಿಗಿಂತ ಉತ್ತಮವಾಯಿತು, ಬೇರೆ ಬೇರೆ ಮಾದರಿಗಳ ನಡುವಿನ ವ್ಯತ್ಯಾಸ ಹೆಚ್ಚು ಸ್ಪಷ್ಟವಾಯಿತು ಎಂದು ಲೇಖನ ತೋರಿಸಿದೆ. ಅದೂ ಆಗ ಇದ್ದ ಅತ್ಯುತ್ತಮ ಕಂಪ್ಯೂಟರ್ ವಿಧಾನಗಳಿಗೆ ಹೋಲಿಸಿದಾಗ.

ಇದೇ ಮೊದಲೇನಲ್ಲ. ‘ಫೋಲ್ಡಿಟ್’ ಎಂಬ ಆಟದ ಆಟಗಾರರು ಕೋತಿಗಳಲ್ಲಿ ಏಡ್ಸ್‌ನಂಥ ಕಾಯಿಲೆ ತರುವ ಒಂದು ವೈರಸ್‌ನ ಪ್ರೋಟೀನ್ ರಚನೆಯನ್ನು ಮೂರು ವಾರಗಳಲ್ಲಿ ಬಿಡಿಸಲು ನೆರವಾದದ್ದು 2011ರಲ್ಲೇ ಪ್ರಕಟವಾಗಿತ್ತು. ಆದರೆ ಅದು ವಿಜ್ಞಾನಕ್ಕೆಂದೇ ಮಾಡಿದ ಆಟ. ಬಾರ್ಡರ್‌ಲ್ಯಾಂಡ್ಸ್‌ಗೆ ಬಂದವರು ಮಜಾಕ್ಕಾಗಿ ಬಂದವರು. ಇಷ್ಟು ಜನ ಸೇರಿದ್ದು ಅದರಿಂದಲೇ.

ಹಾಗಾದರೆ ಯಾವುದು ನಿಜವಲ್ಲ?

‘ಗುಂಡು ಹಾರಿಸಿದ್ದರಿಂದ ವಿಜ್ಞಾನಕ್ಕೆ ಲಾಭವಾಯಿತು’ – ಅಲ್ಲ. ಲಾಭವಾದದ್ದು ಆ ಒಂದು ಯಂತ್ರದ ಮುಂದೆ ನಿಂತು ಒಗಟು ಬಿಡಿಸಿದ್ದರಿಂದ. ಅದನ್ನು ಮುಟ್ಟದೆಯೇ ಗೇಮ್ ಪೂರ್ತಿ ಮುಗಿಸಬಹುದಿತ್ತು. ಹಾಗೆ ಮುಗಿಸಿದವರಿಂದ ವಿಜ್ಞಾನಕ್ಕೆ ಏನೂ ಸಿಕ್ಕಿಲ್ಲ.

‘ಗೇಮರ್‌ಗಳು ಔಷಧಿ ಕಂಡುಹಿಡಿದರು’ – ಇಲ್ಲ. ಸಿಕ್ಕಿದ್ದು ಉತ್ತಮವಾದ ಒಂದು ವಂಶವೃಕ್ಷ. ಕರುಳಿನ ಜೀವಿಗಳಿಗೂ ಕಾಯಿಲೆಗಳಿಗೂ ಇರುವ ನಂಟನ್ನು ಹುಡುಕುವವರಿಗೆ ಅದು ಸಲಕರಣೆ. ಚಿಕಿತ್ಸೆ ಇನ್ನೂ ಬಹಳ ದೂರದ ಮಾತು.

‘ಯಾವ ಗೇಮ್ ಆಡಿದರೂ ವಿಜ್ಞಾನ ಸೇವೆಯೇ’ – ಖಂಡಿತ ಅಲ್ಲ. ಬಾರ್ಡರ್‌ಲ್ಯಾಂಡ್ಸ್ 3 ಕಂಪ್ಯೂಟರ್ ಮತ್ತು ಗೇಮ್ ಕನ್ಸೋಲ್‌ಗಳಿಗೆಂದು ಬಂದದ್ದು. ‘ಈ ಲಿಂಕ್ ಒತ್ತಿ, ಗೇಮ್ ಇಳಿಸಿಕೊಳ್ಳಿ, ವಿಜ್ಞಾನಕ್ಕೆ ನೆರವಾಗಿ’ ಎಂಬ ಸಂದೇಶ ಬಂದರೆ ಒತ್ತಬೇಡಿ.

ಮಕ್ಕಳು ಕೆಡುತ್ತಾರೆ ಎಂಬ ಮಾತು?

ಅದನ್ನೂ ಅಳೆದು ತೂಗಿಯೇ ಹೇಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘಟನೆಯಾದ ಎಪಿಎ 2020ರಲ್ಲಿ ಸ್ಪಷ್ಟಪಡಿಸಿದ್ದು ಎರಡು ಸಂಗತಿ. ಹಿಂಸೆಯ ಗೇಮ್‌ಗಳಿಗೂ, ಕಿರುಚಾಟ, ತಳ್ಳಾಟದಂಥ ಸಿಡುಕಿಗೂ ಸಣ್ಣ ಮಟ್ಟದ ನಂಟು ಕಂಡುಬಂದಿದೆ. ಆದರೆ ನಿಜಜೀವನದ ಹಿಂಸಾಚಾರಕ್ಕೆ ಗೇಮ್ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ.

ಹಾಗೆಂದು ಮಕ್ಕಳ ಕೈಗೆ ಕೊಡಬಹುದು ಎಂದಲ್ಲ. ಬಾರ್ಡರ್‌ಲ್ಯಾಂಡ್ಸ್ 3ಕ್ಕೆ ಅಮೆರಿಕದಲ್ಲಿ 17, ಯುರೋಪಿನಲ್ಲಿ 18 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತಿದೆ. ಜೋಕು ಎಷ್ಟೇ ಇದ್ದರೂ ರಕ್ತಪಾತ, ಬೈಗುಳ ಇದ್ದೇ ಇವೆ. ಇನ್ನು ‘ಗೇಮಿಂಗ್ ಡಿಸಾರ್ಡರ್’ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿದೆ. ಆಟ ನಿಲ್ಲಿಸಲು ಆಗದಿರುವುದು, ಊಟ, ಓದು, ಕೆಲಸಕ್ಕಿಂತ ಆಟವೇ ಮೇಲಾಗುವುದು, ತೊಂದರೆಯಾಗುತ್ತಿದ್ದರೂ ಮುಂದುವರಿಸುವುದು ಅದರ ಲಕ್ಷಣ. ಸಾಮಾನ್ಯವಾಗಿ 12 ತಿಂಗಳಾದರೂ ಹೀಗಿದ್ದರೆ ಮಾತ್ರ ಕಾಯಿಲೆ ಎನ್ನುತ್ತಾರೆ. ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ ಹುಡುಗನಿಗೆ ಆ ಹಣೆಪಟ್ಟಿ ಅಂಟಿಸುವುದು ಸರಿಯಲ್ಲ.

ಒಟ್ಟಿನಲ್ಲಿ

ಗೇಮ್ ಆಡುವವರು ವಿಜ್ಞಾನಕ್ಕೆ ನೆರವಾಗಿದ್ದು ನಿಜ, ಆದರೆ ಅದು ಒಗಟಿನಿಂದ, ಗುಂಡಿನಿಂದಲ್ಲ. ಗೇಮ್ ಆಡುವವರೆಲ್ಲ ಹಿಂಸೆಗಿಳಿಯುತ್ತಾರೆ ಎನ್ನುವುದಕ್ಕೆ ಆಧಾರವಿಲ್ಲ, ಆದರೆ ವಯಸ್ಸಿನ ಮಿತಿಗೆ ಅರ್ಥವಿದೆ. ಮನೆಯಲ್ಲಿ ಈ ವಿಷಯಕ್ಕೆ ಜಗಳ ಶುರುವಾದರೆ ‘ಗೇಮ್ ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆ ಬಿಟ್ಟು ಮೂರು ಪ್ರಶ್ನೆ ಕೇಳಿ: ಯಾವ ಗೇಮ್? ಯಾವ ವಯಸ್ಸಿನವರಿಗೆ? ದಿನಕ್ಕೆ ಎಷ್ಟು ಹೊತ್ತು? ಈ ಮೂರಕ್ಕೆ ಉತ್ತರ ಹುಡುಕುವಷ್ಟರಲ್ಲಿ ಅಪ್ಪ-ಅಮ್ಮನಿಗೆ ಮಗ ಆಡುವ ಆಟದ ಪರಿಚಯವಾಗಿರುತ್ತದೆ, ಮಗನಿಗೂ ಅವರ ಆತಂಕ ಅರ್ಥವಾಗಿರುತ್ತದೆ.