ಬೇಟೆಯ ಹಕ್ಕು ಯಾರದು? ಗುತ್ತಿಗೆಯ ಹೊಳೆಯೊಂದರ ಲೆಕ್ಕ

ಕಳಸದ ಕೆಳಗೆ, ಭದ್ರಾ ನದಿಯು ಕಾಫಿ ತೋಟಗಳ ಅಂಚನ್ನು ಬಳಸಿಕೊಂಡು ಹರಿಯುವೆಡೆಯಲ್ಲಿ, ಆಳವಾದ ಮಡುವೊಂದುಂಟು. ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನ ಅಜ್ಜ, ವಯಸ್ಸು ಎಂಬತ್ತನ್ನು ದಾಟಿದವರು, ತಮ್ಮ ಹರೆಯದಲ್ಲಿ ಅಲ್ಲಿ ಗಾಳ ಹಾಕಿ ಹಿಡಿದ ಮೀನಿನ ಕಥೆಯನ್ನು ನನಗೆ ಹಲವು ಬಾರಿ ಹೇಳಿದ್ದರು. ಪ್ರತಿ ಸಲವೂ ಆ ಮೀನು ಒಂದು ಗೇಣು ಬೆಳೆಯುತ್ತಿದ್ದುದು, ಅಳತೆಯನ್ನೇ ಕಸುಬು ಮಾಡಿಕೊಂಡಿರುವ ನನ್ನಂತಹ ಭೌತವಿಜ್ಞಾನದ ಉಪನ್ಯಾಸಕನ ಗಮನಕ್ಕೆ ಬಾರದೆ ಇರಲಿಲ್ಲ. ಆದರೂ ಮಡುವನ್ನು ಒಮ್ಮೆ ನೋಡಬೇಕೆಂಬ ಆಸೆ ಹುಟ್ಟಿತು. ಒಂದು ಭಾನುವಾರ ಮೂವರೂ ಹೊರಟೆವು. ಹಳೆಯ ಕಾಲುದಾರಿ ತೋಟದೊಳಗೆ ಇಳಿಯುವ ಜಾಗದಲ್ಲಿ ಕಬ್ಬಿಣದ ಗೇಟು, ಅದರ ಮೇಲೆ ಹೋಂಸ್ಟೇ ಒಂದರ ಫಲಕ, ಫಲಕದ ಕೆಳಗೆ ಕಾವಲುಗಾರ.

“ಅತಿಥಿಗಳಿಗೆ ಮಾತ್ರ ಮೇಷ್ಟ್ರೇ, ಒಳಗೆ ಬಿಡೋ ಹಾಗಿಲ್ಲ” ಎಂದು ಆತ ಸಂಕೋಚದಿಂದಲೇ ಹೇಳಿದ.

“ನಾನು ಇಲ್ಲಿ ಗಾಳ ಹಾಕ್ತಿದ್ದಾಗ ಈ ಗೇಟೂ ಇರ್ಲಿಲ್ಲ, ನೀನೂ ಹುಟ್ಟಿರ್ಲಿಲ್ಲ ಕಣೋ” ಎಂದರು ಅಜ್ಜ.

“ಹೌದು ಅಜ್ಜಯ್ಯ. ಆದ್ರೆ ಈಗ ಅದೆ.”

ಇದಕ್ಕೆ ಉತ್ತರವಿಲ್ಲ. ಗೇಟು ಇತ್ತು, ನಾವು ಹಿಂದಿರುಗಿದೆವು. ದಾರಿಯುದ್ದಕ್ಕೂ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: ತೋಟ ಅವರದು ಸರಿ, ಮೀನು ಯಾವಾಗ ಅವರದಾಯಿತು?

ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಮುಗ್ಧವಲ್ಲ. ನೆಲಕ್ಕೆ ಎಲ್ಲೆಕಲ್ಲುಗಳನ್ನು ನೆಡಬಹುದು. ಕಾಡುಹಂದಿಗೂ ಮೀನಿಗೂ ಆ ಕಲ್ಲುಗಳ ಪರಿವೆ ಇಲ್ಲ. ಇಂದು ನನ್ನ ತೋಟದಲ್ಲಿರುವ ಕಡವೆ ನಾಳೆ ನಿಮ್ಮ ಗದ್ದೆಯಲ್ಲಿರುತ್ತದೆ. ಈ ತೊಡಕನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ಬಗೆಯಲ್ಲಿ ಬಿಡಿಸಿಕೊಂಡಿವೆ. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಮೀನು ಹಿಡಿಯುವ ಹಕ್ಕನ್ನು ನದಿ ದಂಡೆಯ ನೆಲದಿಂದ ಬಿಡಿಸಿ ಪ್ರತ್ಯೇಕವಾಗಿ ಮಾರಬಹುದು. ಅಮೆರಿಕದಲ್ಲಿ ಜಿಂಕೆ ಯಾವ ಜಮೀನುದಾರನದೂ ಅಲ್ಲ, ಅದು ಸಂಸ್ಥಾನದ ಪಾಲನೆಯಲ್ಲಿರುವ ಸಾರ್ವಜನಿಕ ಸ್ವತ್ತು. ಆದರೆ ಜಿಂಕೆ ನಿಂತಿರುವ ನೆಲಕ್ಕೆ ಕಾಲಿಡಲು ಜಮೀನುದಾರನ ಅಪ್ಪಣೆ ಬೇಕು. ನೆಲದ ಬಹುಪಾಲು ಖಾಸಗಿಯವರ ಕೈಯಲ್ಲಿರುವ ಟೆಕ್ಸಾಸಿನಂತಹ ಕಡೆ ಈ ಅಪ್ಪಣೆಯೇ ದೊಡ್ಡ ವ್ಯಾಪಾರವಾಗಿದೆ. ಬೇಟೆಯ ಏರ್ಪಾಟನ್ನೇ ಉದ್ಯೋಗ ಮಾಡಿಕೊಂಡ ಕಂಪನಿಗಳು ರೈತರ ಜಮೀನನ್ನು ಬೇಟೆಗೆಂದೇ ಗುತ್ತಿಗೆ ಹಿಡಿದು, ಡೇರೆ, ಊಟ, ದಾರಿ ತೋರುವವನು ಎಲ್ಲವನ್ನೂ ಒದಗಿಸಿ, ದೂರದ ಪಟ್ಟಣಿಗನಿಗೆ ಮಾರುತ್ತವೆ. ನಿನ್ನೆಯವರೆಗೆ ಪಕ್ಕದ ಮನೆಯವನ ಮಾತೊಂದರ ಮೇಲೆ ಬೇಲಿ ದಾಟುತ್ತಿದ್ದ ಹಳ್ಳಿಗ ಹೊರಗುಳಿಯುತ್ತಾನೆ.

ನಮ್ಮ ಕಾಫಿ ಬೆಟ್ಟಗಳಲ್ಲಿಯೂ ಬೇಟೆಗೆ ಇಂಥದೇ ಒಂದು ಚರಿತ್ರೆಯುಂಟು. ಹಿಂದೆ ಹಂದಿ ಬೇಟೆಯೆಂದರೆ ಊರಿಗೆ ಊರೇ ಹೊರಡುತ್ತಿತ್ತು. ಕೆಲವರು ಕೋವಿ ಹಿಡಿದು ಬಿಲ್ಲಿಗೆ, ಎಂದರೆ ಪ್ರಾಣಿ ಹಾಯುವ ಕಂಡಿಗೆ, ಕೂರುವರು. ಉಳಿದವರು ನಾಯಿಗಳೊಡನೆ ಹಳು ನುಗ್ಗುವರು. ಸಂಜೆ ಮಾಂಸವು ಪಾಲಾಗುವುದು. ಹಳುವಿನ ಒಡೆಯನಾರೆಂದು ಕೇಳುವ ಪದ್ಧತಿ ಹೆಚ್ಚಾಗಿರಲಿಲ್ಲ. ಪಕ್ಕದ ಮಂಜ್ರಾಬಾದಿನಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್ ೧೮೯೪ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿಯೇ ಚಿನ್ನ, ಬೇಟೆ, ಕಾಫಿ ಮೂರೂ ಒಂದೇ ಸಾಲಿನಲ್ಲಿವೆ. ತೋಟಗಾರನ ಕಣ್ಣಿಗೆ ಮೂರೂ ಈ ನೆಲದ ಉತ್ಪನ್ನಗಳೇ ಆಗಿದ್ದವು. ೧೯೦೧ರಲ್ಲಿ ಮೈಸೂರು ಸಂಸ್ಥಾನವು ಬೇಟೆಪ್ರಾಣಿ ಹಾಗೂ ಮೀನುಗಳ ರಕ್ಷಣೆಗಾಗಿ ರೆಗ್ಯುಲೇಷನ್ ಒಂದನ್ನು ಹೊರಡಿಸಿತು. ಸ್ವಾತಂತ್ರ್ಯಾನಂತರ ದೇಶದ ಹಲವೆಡೆ ಶಿಕಾರಿ ಕಂಪನಿಗಳು ಅರಣ್ಯದ ಬ್ಲಾಕುಗಳನ್ನು ಮುಂಗಡ ಕಾಯ್ದಿರಿಸಿ ವಿದೇಶೀಯರಿಗೆ ಹುಲಿ ತೋರಿಸತೊಡಗಿದವು. ಹಳು ನುಗ್ಗುವ ಹಳ್ಳಿಗನಿಗೆ ಅಲ್ಲಿ ದೊರೆಯುತ್ತಿದ್ದುದು ಪಾಲಲ್ಲ, ಕೂಲಿ.

ಮುಂದಿನದನ್ನು ಬೇಗ ಹೇಳಿಬಿಡಬಹುದು. ೧೯೫೧ರಲ್ಲಿ ಜಾಗರ ಕಣಿವೆ ಬೇಟೆಪ್ರಾಣಿಗಳ ರಕ್ಷಿತ ಪ್ರದೇಶವಾಯಿತು. ಇಂದಿನ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಮೂಲ ಅದೇ. ೧೯೭೦ರಲ್ಲಿ ಹುಲಿ ಬೇಟೆ ನಿಂತಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲಿಗೆ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಕೊಡಲು ಎಡೆಮಾಡಿದ್ದಿತು. ೧೯೯೧ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಅಂದಿನಿಂದ ಗುತ್ತಿಗೆ ಹಿಡಿಯಲು ನಮ್ಮಲ್ಲಿ ಬೇಟೆಯೇ ಇಲ್ಲ.

ಆದರೆ ಮೀನು ಉಳಿದಿತ್ತು. ಬೇಟೆಯನ್ನು ಗುತ್ತಿಗೆ ಕೊಟ್ಟರೆ ಪ್ರಾಣಿಗೇನಾಗುತ್ತದೆ, ಜನಕ್ಕೇನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿ ದೀರ್ಘಕಾಲ ನಡೆದ ಪ್ರಯೋಗವೊಂದುಂಟು. ನಡೆದದ್ದು ಕಾವೇರಿಯಲ್ಲಿ, ಮಹಶೀರ್ ಮೀನಿನ ಮೇಲೆ.

ನಮ್ಮ ಹೊಳೆಗಳ ಮೀನುಗಳಲ್ಲಿ ಮಹಶೀರ್‌ನಷ್ಟು ಕೀರ್ತಿ ಪಡೆದದ್ದು ಮತ್ತೊಂದಿಲ್ಲ. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳದಿಂದ ಹಿಡಿದ ಮಹಶೀರ್ ೧೨೦ ಪೌಂಡು ತೂಗಿತ್ತು. ಆ ಬಳಿಕ ನದಿಗಳಲ್ಲಿ ಸಿಡಿಮದ್ದು ಹಬ್ಬಿತು. ಸಿಡಿಮದ್ದು, ವಿಷಗಳಿಂದ ಮೀನು ಕೊಲ್ಲುವುದನ್ನು ೧೮೯೭ರ ಮೀನುಗಾರಿಕಾ ಕಾಯಿದೆಯೇ ನಿಷೇಧಿಸಿದ್ದಿತಾದರೂ ಮಡುವಿನ ದಡದಲ್ಲಿ ಕಾಯಿದೆಯನ್ನು ಕಾಯುವವರಾರು? ನೀರಿನಲ್ಲಿ ಸ್ಫೋಟದ ಒತ್ತಡದ ಅಲೆ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಿಂದ ಓಡುತ್ತದೆ. ಮೀನಿನ ಒಳಗಿರುವ ಗಾಳಿಚೀಲವನ್ನು ಅದು ಹರಿದುಬಿಡುತ್ತದೆ. ದೊಡ್ಡದು, ಮರಿ ಎಂಬ ಭೇದ ಅದಕ್ಕಿಲ್ಲ. ಸತ್ತವುಗಳಲ್ಲಿ ಎಷ್ಟೋ ತಳಕ್ಕೆ ಮುಳುಗಿ ಹಿಡಿದವನ ಕೈಗೂ ಸಿಗುವುದಿಲ್ಲ.

೧೯೭೨ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಘವು ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲು ಹಾಕಿತು. ಅನಂತರ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳನ್ನು ತೆರೆಯಿತು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆಸಿಕೊಂಡು, ಜೀವಂತವಾಗಿ ನೀರಿಗೆ ಬಿಡಬೇಕೆಂಬುದು ನಿಯಮ. ಗಾಳಕ್ಕೆ ಕಟ್ಟುತ್ತಿದ್ದುದು ಬಹುಮಟ್ಟಿಗೆ ಬೇಯಿಸಿದ ರಾಗಿಯ ಉಂಡೆ! ಸಾಗರ ದಾಟಿ ಬಂದ ಧನಿಕನೂ ಕೊನೆಗೆ ನಮ್ಮ ರಾಗಿ ಮುದ್ದೆಗೇ ಶರಣಾಗಬೇಕಿತ್ತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರಿಗೆ ಕಾವಲಿನ, ದಾರಿ ತೋರುವ ಕೆಲಸ ಸಿಕ್ಕಿತು. ಕಾವಲಿದ್ದ ಕಡೆ ಸಿಡಿಮದ್ದಿಗೆ ತಡೆಬಿತ್ತು. ಅದೇ ವೇಳೆಗೆ ದಂಡೆಯ ಹಳ್ಳಿಗಳವರ ಬಲೆಗೂ ಆ ನೀರು ಮುಚ್ಚಿತು. ಒಪ್ಪೊತ್ತಿನ ಸಾರಿಗೆಂದು ಮೀನು ಹಿಡಿಯುವವನೂ ಮದ್ದು ಸಿಡಿಸುವವನೂ ಕಾವಲುಗಾರನ ದೃಷ್ಟಿಯಲ್ಲಿ ಒಂದೇ ಆದರು. ಲಾಭ, ನಷ್ಟ ಎರಡೂ ನಿಜ. ಒಂದನ್ನು ಮಾತ್ರ ಹೇಳುವವರನ್ನು ನಾನು ನಂಬಲಾರೆ.

ಈ ಗುತ್ತಿಗೆಯಿಂದ ಯಾರೂ ನಿರೀಕ್ಷಿಸದ ಒಂದು ಉಪಕಾರವಾಯಿತು: ಲೆಕ್ಕ. ಗಾಳಿಬೋರೆಯ ಶಿಬಿರದಲ್ಲಿ ಪ್ರತಿಯೊಬ್ಬನೂ ಎಷ್ಟು ಗಂಟೆ ಗಾಳ ಹಾಕಿದ, ಎಷ್ಟು ತೂಕದ ಎಷ್ಟು ಮೀನು ಬಿತ್ತು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ೧೯೯೮ರಿಂದ ೨೦೧೨ರವರೆಗಿನ ಈ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಪರಿಶೀಲಿಸಿ ೨೦೧೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಟ್ಟು ೨೩,೬೨೦ ಗಂಟೆಗಳು, ೬,೧೬೧ ಮಹಶೀರ್‌ಗಳು. ಭಾಗಿಸಿ ನೋಡಿದರೆ ಹೆಚ್ಚುಕಡಿಮೆ ನಾಲ್ಕು ಗಂಟೆಗೊಂದು ಮೀನು. ಎಲ್ಲಕ್ಕಿಂತ ದೊಡ್ಡದು ೪೬.೮ ಕಿಲೋಗ್ರಾಂ. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರುತ್ತ ಹೋಗಿತ್ತು. ಕಾವಲು ಫಲಿಸಿತೆಂದು ಯಾರಾದರೂ ಹಿಗ್ಗುವಂತಹ ಅಂಕಿ ಇದು.

ಪ್ರಯೋಗಶಾಲೆಯಲ್ಲಿ ಗೈಗರ್ ಎಣಿಕೆಯಂತ್ರವನ್ನು ತೋರಿಸುವಾಗ ವಿದ್ಯಾರ್ಥಿಗಳಿಗೆ ನಾನು ಒಂದು ಎಚ್ಚರಿಕೆ ಕೊಡುವುದುಂಟು. ಆ ಯಂತ್ರವು ಕಿಟಕಿಯ ಮೂಲಕ ಬಂದ ಕಣಗಳನ್ನು ‘ಟಿಕ್ ಟಿಕ್’ ಎಂದು ಎಣಿಸುತ್ತದೆಯೇ ಹೊರತು ಬಂದದ್ದು ಯಾವ ಕಣವೆಂದು ಹೇಳುವುದಿಲ್ಲ. ಒಂದು ಧಾತು ಕ್ಷಯಿಸಿ ಮುಗಿಯುತ್ತಿರುವಾಗ ಮತ್ತೊಂದು ಅದರ ಜಾಗವನ್ನು ತುಂಬಿದರೆ ಟಿಕ್ಕುಗಳು ಹೆಚ್ಚಬಹುದು ಕೂಡ. ಕಾವೇರಿಯಲ್ಲಾದದ್ದು ಇದೇ. ಮೀನಿನ ಸಂಖ್ಯೆ ಏರಿದಂತೆ ಸರಾಸರಿ ತೂಕ ಇಳಿಯಿತು. ಬಗೆಬಗೆಯಾಗಿ ಬೇರ್ಪಡಿಸಿ ನೋಡಿದಾಗ, ಏರಿದ್ದುದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಗೇ ವಿಶಿಷ್ಟವಾದ, ಬೆನ್ನುಬ್ಬಿದ ಕಿತ್ತಳೆ ರೆಕ್ಕೆಯ ಮಹಶೀರ್ ಹೆಚ್ಚುಕಡಿಮೆ ಕಣ್ಮರೆಯಾಗಿತ್ತು. ವ್ಯಾನ್ ಇಂಗೆನ್ನರ ಕಾಲದ ಕೀರ್ತಿಯೆಲ್ಲ ಈ ಎರಡನೆಯದಕ್ಕೆ ಸೇರಿದ್ದು. ಇದು ಟಾರ್ ರೆಮಾದೇವಿ ಎಂಬ ಜಾತಿಯೆಂದು ೨೦೧೮ರಲ್ಲಿ ನಿರ್ಧಾರವಾಯಿತು. ಅದೇ ವರ್ಷ ಅದು ಅತಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯನ್ನೂ ಸೇರಿತು.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ನಾವೇ ತಂದು ಬಿಟ್ಟದ್ದು. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಮಹಶೀರ್ ಮರಿ ಮಾಡಿಸುವ ಕೇಂದ್ರವನ್ನು ನಡೆಸಿದರು. ಅಲ್ಲಿಯ ಮರಿಗಳು ದೇಶದ ಹಲವು ನದಿಗಳನ್ನು ಸೇರಿದವು, ಕಾವೇರಿಯನ್ನೂ ಸೇರಿದವು. ಮೀನು ಕಡಿಮೆಯಾದ ಹೊಳೆಗೆ ಮೀನು ಬಿಡುವುದಕ್ಕಿಂತ ಪುಣ್ಯಕಾರ್ಯ ಮತ್ತೇನಿದೆಯೆಂದು ಎಲ್ಲರೂ ಭಾವಿಸಿದ್ದರು. ಆದರೆ ಈ ಜಾತಿಯ ತವರು ಕೃಷ್ಣಾ ಜಲಾನಯನ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು ೧೮೩೯ರಲ್ಲಿ, ಪುಣೆಯ ಮುಳಾ-ಮುಠಾ ನದಿಯ ಮೀನನ್ನು ನೋಡಿ.

ಇದರ ಅರ್ಥ ಮೂಡಿಗೆರೆಯವರಿಗೆ ತಿಳಿದಷ್ಟು ಸುಲಭವಾಗಿ ಬೇರೆಯವರಿಗೆ ತಿಳಿಯಲಾರದು. ನಮ್ಮ ಬೆಟ್ಟಸಾಲಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಭದ್ರೆಯಾಗಿ, ತುಂಗೆಯೊಡನೆ ಕೂಡಿ, ಕೃಷ್ಣೆಯನ್ನು ಸೇರುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಹೇಮಾವತಿಯಾಗಿ ಕಾವೇರಿಗೆ ಇಳಿಯುತ್ತದೆ. ಒಂದು ಗುಡ್ಡದ ಅಂತರದಲ್ಲಿ ಒಂದು ಮೀನು ಈಚೆ ನಂಟ, ಆಚೆ ಪರದೇಶಿ. ಈ ಭೇದವನ್ನು ಗುತ್ತಿಗೆಯ ಕಾಗದ ಕಾಣಲಿಲ್ಲ. ಅಲ್ಲಿದ್ದುದು ‘ಮಹಶೀರ್’ ಎಂಬ ಒಂದೇ ಹೆಸರು. ಹಣ ಕೊಟ್ಟು ಬಂದವನಿಗೂ ಗಾಳ ಎಳೆದರೆ ಸಾಕಿತ್ತು.

ಕೊನೆಯ ಅಂಕ ಚಿಕ್ಕದು. ಶಿಬಿರಗಳಿದ್ದ ಪ್ರದೇಶ ೧೯೮೭ರಿಂದ ಕಾವೇರಿ ವನ್ಯಜೀವಿಧಾಮದ ಭಾಗ. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದು ಕಾಯಿದೆಯನ್ನು ಅರ್ಥಮಾಡಿದ್ದರಿಂದ ೨೦೧೨ರ ಹೊತ್ತಿಗೆ ಗಾಳದ ಶಿಬಿರಗಳು ನಿಂತವು. ಕಾಯಿದೆಯ ದೃಷ್ಟಿಯಿಂದ ಇದು ತಪ್ಪೆನ್ನಲಾಗದು. ಆದರೆ ಗಾಳದೊಡನೆ ಪುಸ್ತಕವೂ ಮುಚ್ಚಿತು. ಯಾವ ವರ್ಷಗಳಲ್ಲಿ ಉಬ್ಬುಬೆನ್ನಿನ ಮಹಶೀರ್‌ನ ಗತಿಯನ್ನು ತಿಳಿಯುವುದು ಅತ್ಯಗತ್ಯವಾಗಿತ್ತೋ ಅದೇ ವರ್ಷಗಳಲ್ಲಿ ಆ ದಡದ ಎಣಿಕೆ ನಿಂತಿತು.

ಈಗ ನಮ್ಮ ಬೆಟ್ಟಗಳಿಗೆ ಹಿಂದಿರುಗೋಣ. ಇಲ್ಲಿ ಇಂದು ಗುತ್ತಿಗೆಗೆ ಹೋಗುತ್ತಿರುವುದು ಬೇಟೆಯಲ್ಲ, ನೋಟ: ಮಂಜು, ಹೊಳೆ, ಜಲಪಾತ. ಪರಿಣಾಮದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಒತ್ತುವರಿಯಾದ ಸರ್ಕಾರಿ ಭೂಮಿಯನ್ನು ೨೫ ಎಕರೆಯವರೆಗೆ ೩೦ ವರ್ಷ ತೋಟಗಾರರಿಗೇ ಗುತ್ತಿಗೆ ಕೊಡಲು ೨೦೨೨ರಲ್ಲಿ ರಾಜ್ಯದ ಶಾಸನಸಭೆ ಭೂಕಂದಾಯ ಕಾಯಿದೆಗೆ ತಿದ್ದುಪಡಿ ತಂದಿತು. ಎಕರೆಗಳನ್ನು ಅಳೆಯುವವರು ಹೊಳೆಗಿಳಿಯುವ ಕಾಲುದಾರಿಯನ್ನೂ ನಕ್ಷೆಯಲ್ಲಿ ಗುರುತಿಸಬೇಕೆಂದು ನನ್ನ ಅಭಿಪ್ರಾಯ. ಮಳೆಗಾಲದ ಮೊದಲ ನೆರೆಗೆ ಹತ್ತುಮೀನು ಏರುವಾಗ ತೋಡಿಗೆ ಕೂಣಿ ಒಡ್ಡುವ ಕೂಲಿಕಾರನಿಗೆ ಅದೊಂದೇ ಬಾಗಿಲು. ಶೃಂಗೇರಿಯ ತುಂಗೆಯಲ್ಲಿ ಗೇಟಿಲ್ಲ, ಟಿಕೆಟ್ಟಿಲ್ಲ. ಎಲ್ಲರೂ ಮೆಟ್ಟಿಲಿಳಿದು ಮೀನಿಗೆ ಮಂಡಕ್ಕಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. ಜನರನ್ನು ಹೊರಗಿಡದೆಯೂ ಮೀನನ್ನು ಕಾಯಬಹುದೆಂಬುದಕ್ಕೆ ಇದು ಸಾಕ್ಷಿ. ಎಲ್ಲ ಮಡುಗಳಿಗೂ ದೇವರನ್ನು ಒದಗಿಸುವುದು ಸಾಧ್ಯವಿಲ್ಲ, ಅಷ್ಟೇ.

ಗೇಟಿನಿಂದ ಹಿಂದಿರುಗಿದ ಮರುವಾರ ನಾನು ಆ ತೋಟದ ಒಡೆಯರಿಗೆ ಪತ್ರ ಬರೆದೆ. ಮೀನು ಹಿಡಿಯಲು ಅಪ್ಪಣೆ ಕೇಳಲಿಲ್ಲ, ಎಣಿಸಲು ಕೇಳಿದೆ. ಸಜ್ಜನರು, ಒಪ್ಪಿದರು: ಭಾನುವಾರ ಬೆಳಿಗ್ಗೆ ಎರಡು ಗಂಟೆಗಳ ಕಾಲ, ಗಾಳ ತರಕೂಡದು. ಕಾಲೇಜಿನ ಹಳೆಯ ರೆಕಾರ್ಡು ಪುಸ್ತಕವೊಂದರಲ್ಲಿ ಗೆರೆ ಎಳೆದು ದಿನಾಂಕ, ನೀರಿನ ಮಟ್ಟ, ಕಂಡ ಮೀನಿನ ಬಗೆ, ಸಂಖ್ಯೆ ಎಂದು ಬರೆದುಕೊಂಡೆವು. ಅಜ್ಜ ಬಂಡೆಯ ಮೇಲೆ ಕುಳಿತು ನೀರಿನ ಸುಳಿಯನ್ನೂ ಬಾಲದ ಹೊಡೆತವನ್ನೂ ನೋಡಿ ಹೆಸರು ಹೇಳುತ್ತಾರೆ, ಮೊಮ್ಮಗ ಬರೆಯುತ್ತಾನೆ. ಕಾವಲುಗಾರನೂ ಬಂದು ನಿಲ್ಲುತ್ತಾನೆ. ವಾರದ ಉಳಿದ ದಿನಗಳಲ್ಲಿ ತಾನು ಕಂಡದ್ದನ್ನು ಅವನೇ ಹೇಳಿ ಬರೆಸತೊಡಗಿದ್ದಾನೆ. ಮೊದಲ ಆರು ವಾರಗಳ ಪುಟಗಳು ನನ್ನ ಮೇಜಿನ ಮೇಲಿವೆ. ಕಥೆ ಹೇಳುವಾಗ ಮೀನನ್ನು ಗೇಣುಗೇಣು ಬೆಳೆಸುತ್ತಿದ್ದ ಅಜ್ಜ ಪುಸ್ತಕದ ಮುಂದೆ ಬಹು ಬಿಗಿ. ನಾಲ್ಕು ಕಡೆ “ಸರಿಯಾಗಿ ಕಾಣಲಿಲ್ಲ” ಎಂದೇ ಬರೆಸಿದ್ದಾರೆ.